ಕರಿ ಹರಿಯುವ ಎತ್ತು, ಹೊಲ ಉಳುವ ಎತ್ತು

ಜ್ಯೇಷ್ಠ ಮಾಸದ ಹುಣ್ಣಿಮೆಯ ದಿನ ಬಿಸಿಲು ಇಳಿಯಿತೆಂದರೆ ನವಲಗುಂದ, ಅಣ್ಣಿಗೇರಿ ಸೀಮೆಯ ಹಳ್ಳಿಗಳಲ್ಲಿ ಜನ ಅಗಸಿಯ ಕಡೆಗೆ ಹೊರಡುತ್ತಾರೆ. ಅಗಸಿ ಎಂದರೆ ಊರ ಹೆಬ್ಬಾಗಿಲು. ಎಷ್ಟೋ ಕಡೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಅಲ್ಲಿ ದಾರಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿರುತ್ತಾರೆ. ಹಗ್ಗದ ತುಂಬ ಬೇವಿನ ಸೊಪ್ಪು, ನಡುವೆ ಕೊಬ್ಬರಿ ಬಟ್ಟಲು. ಇದೇ ‘ಕರಿ’. ಇಲ್ಲಿ ಕರಿ ಎಂದರೆ ಬಣ್ಣವಲ್ಲ, ಈ ತೋರಣ. ದೂರದಿಂದ ಓಡಿಬಂದ ಎತ್ತುಗಳಲ್ಲಿ ಯಾವುದು ಮೊದಲು ಇದನ್ನು ದಾಟುತ್ತದೋ ಅದು ‘ಕರಿ ಹರಿದ’ ಎತ್ತು.

ಓಟ ಮುಗಿಯಲು ಕೆಲವೇ ಕ್ಷಣ ಸಾಕು. ಅದಕ್ಕೆ ನಡೆಯುವ ತಯಾರಿ ಮಾತ್ರ ದೊಡ್ಡದು. ಹಿಂದಿನ ದಿನವನ್ನು ‘ಹೊನ್ನುಗ್ಗಿ’ ಎಂದು ಕರೆಯುತ್ತಾರೆ. ಅಂದು ಎತ್ತುಗಳಿಗೆ ಹುಗ್ಗಿಯ ಊಟ. ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಮೊಟ್ಟೆ ಕುಡಿಸುವುದೂ ಉಂಟು. ಹುಣ್ಣಿಮೆಯ ಬೆಳಿಗ್ಗೆ ಹಳ್ಳದಲ್ಲೋ ಕೆರೆಯಲ್ಲೋ ಮೈ ತೊಳೆದು, ಕೊಂಬು ಸವರಿ ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೋಡಣಸು ತೊಡಿಸಿ, ಹಣೆಗೆ ಬಾಸಿಂಗ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ ಹಾಕಿ ಮೆರವಣಿಗೆಗೆ ಸಿದ್ಧ ಮಾಡುತ್ತಾರೆ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಹೊರಗಿನವರು ಇದನ್ನು ಎತ್ತಿನ ಹಬ್ಬವೆಂದು ಬರೆದುಕೊಂಡು ಹೋಗುತ್ತಾರೆ. ಆದರೆ ಹಬ್ಬದೊಳಗೆ ಒಂದು ಸ್ಪರ್ಧೆಯಿದೆ. ಅದೂ ಹಂಗಾಮಿನ ಕೊನೆಯ ಸ್ಪರ್ಧೆ.

ಹಂಗಾಮು ಎಂದದ್ದಕ್ಕೆ ಕಾರಣವಿದೆ. ಜೋಳ, ಕಡಲೆ, ಕುಸುಬಿ ಮನೆ ಸೇರಿ ಕಣ ಖಾಲಿಯಾಗುತ್ತಲೇ ಎತ್ತಿಗೆ ಬಿಡುವು, ಊರಿಗೆ ಜಾತ್ರೆ. ಜಾತ್ರೆಯೆಂದರೆ ತೇರು, ನಾಟಕ, ಕುಸ್ತಿ, ಅವುಗಳ ಜೊತೆಗೆ ಚಕ್ಕಡಿ ಓಡಿಸುವ ಶರ್ಯತ್ತು. ಕುಂದಗೋಳದ ಕಡೆಯ ಜೋಡಿ ನವಲಗುಂದದ ಕಡೆಗೆ, ಕಲಘಟಗಿಯ ಜೋಡಿ ಸವದತ್ತಿಯ ಕಡೆಗೆ ಹೋಗುವುದು, ಗೆದ್ದ ಎತ್ತಿನ ಹೆಸರು ಮುಂದಿನ ಜಾತ್ರೆಗೆ ಮೊದಲೇ ತಲುಪುವುದು, ಇದೆಲ್ಲ ಬೇಸಿಗೆಯುದ್ದಕ್ಕೂ ನಡೆಯುತ್ತದೆ. ಈ ಭಾಗದಲ್ಲಿ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಖಾಲಿ ಚಕ್ಕಡಿಯನ್ನು ಒಂದೊಂದೇ ಜೋಡಿಯಾಗಿ ಓಡಿಸುತ್ತಾರೆ. ಗೊತ್ತುಪಡಿಸಿದ ವೇಳೆ, ಸಾಮಾನ್ಯವಾಗಿ ಒಂದು ನಿಮಿಷ, ಮುಗಿದು ಸೀಟಿ ಊದಿದಾಗ ಚಕ್ಕಡಿ ಎಲ್ಲಿದೆಯೋ ಅಲ್ಲಿಗೆ ಟೇಪು ಹಿಡಿದು ಅಡಿ ಲೆಕ್ಕದಲ್ಲಿ ಅಳೆಯುತ್ತಾರೆ. ಬೆಳಗಾವಿ, ಚಿಕ್ಕೋಡಿ ಕಡೆ ಹಲವು ಗಾಡಿಗಳು ಒಟ್ಟಿಗೆ ಓಡುತ್ತವೆ. ಮುಧೋಳ ಸೀಮೆಯಲ್ಲಿ ತೆರೆಬಂಡಿ ಎಳೆಸುತ್ತಾರೆ. ಅಲ್ಲಿ ವೇಗಕ್ಕಿಂತ ಬಲ ಮುಖ್ಯ. ಹಾವೇರಿ ಸೀಮೆಯ ಕೊಬ್ಬರಿ ಹೋರಿಯದ್ದು ಬೇರೆಯೇ ಲೋಕ, ಅದರ ಕಾಲವೂ ಬೇರೆ, ದೀಪಾವಳಿ.

ಕಾರಹುಣ್ಣಿಮೆಯ ಕರಿಗೆ ಟೇಪಿಲ್ಲ, ಗಡಿಯಾರವಿಲ್ಲ, ಹಲವು ಕಡೆ ಚಕ್ಕಡಿಯೂ ಇಲ್ಲ. ಬರಿಯ ಎತ್ತು, ಅದರ ಜೊತೆ ಹಗ್ಗ ಹಿಡಿದು ಓಡುವ ಹುಡುಗರು. ಬೇರೆ ಊರಿನ ಎತ್ತಿಗೆ ಇಲ್ಲಿ ಪ್ರವೇಶವಿಲ್ಲ. ಬಹುಮಾನವೂ ದೊಡ್ಡದಲ್ಲ. ಹಾಗಿದ್ದರೂ ಬೇಸಿಗೆಯಲ್ಲಿ ಹತ್ತು ಶರ್ಯತ್ತು ಗೆದ್ದ ಮನೆಯವರು ತಮ್ಮೂರ ಕರಿ ಸೋತರೆ ತಲೆ ತಗ್ಗಿಸುತ್ತಿದ್ದರು. ಯಾವ ಮನೆತನದ ಎತ್ತು ಮುಂದೆ ನಿಲ್ಲಬೇಕು, ಯಾವುದು ಹಿಂದೆ ಎಂಬ ಮಾನದ ಪ್ರಶ್ನೆಗೆ ಜಗಳಗಳಾದದ್ದೂ ಉಂಟು. ಕಾರಣ, ಈ ಓಟದ ಫಲಿತಾಂಶ ಎತ್ತಿನ ಮಾಲೀಕನೊಬ್ಬನದಲ್ಲ, ಊರಿನದು.

ಫಲಿತಾಂಶ ಓದುವ ಬಗೆ ಹೀಗೆ. ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಬೆಳೆ ಚೆನ್ನ, ಬಿಳಿ ಎತ್ತು ಬಂದರೆ ಹಿಂಗಾರಿ ಚೆನ್ನ. ಕೆಲವು ಊರುಗಳಲ್ಲಿ ಇದನ್ನೇ ಬೆಳೆಯ ಬಣ್ಣಕ್ಕೆ ಹೊಂದಿಸುತ್ತಾರೆ: ಬಿಳಿ ಎತ್ತು ಗೆದ್ದರೆ ಬಿಳಿಜೋಳ, ಹತ್ತಿ, ಕೆಂಪು ಗೆದ್ದರೆ ಕೆಂಪು ಕಾಳುಗಳು. ನವಲಗುಂದದ ಎರಿಭೂಮಿಯ ರೈತನಿಗೆ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಮುಂಗಾರಿಗೆ ಹೆಸರು ಹಾಕಿ ಶ್ರಾವಣದ ಸುಮಾರಿಗೆ ಕಿತ್ತು, ಅದೇ ಹೊಲಕ್ಕೆ ಹಿಂಗಾರಿಯಲ್ಲಿ ಕಡಲೆಯನ್ನೋ ಜೋಳವನ್ನೋ ಬಿತ್ತುವುದು ಅಲ್ಲಿನ ರೂಢಿ. ಎರಡರಲ್ಲಿ ಒಂದು ಕೈಕೊಡುವುದು ಸಾಮಾನ್ಯ. ಯಾವುದು ಎಂದು ಮೊದಲೇ ತಿಳಿಯುವಂತಿದ್ದರೆ ಬೀಜ, ಸಾಲ, ಆಳು ಎಲ್ಲದರ ಲೆಕ್ಕ ಬೇರೆಯಾಗುತ್ತಿತ್ತು. ಪಶ್ಚಿಮಕ್ಕೆ, ಮಲೆನಾಡಿನ ಸೆರಗಿನ ಕಲಘಟಗಿಗೆ ಬಂದರೆ ಮಳೆಯೂ ಹೆಚ್ಚು, ಭತ್ತವೂ ಹೆಚ್ಚು. ಕೂರಿಗೆಯಲ್ಲಿ ಭತ್ತ ಬಿತ್ತುವ ಆ ಸೀಮೆಯಲ್ಲಿ ಹುಣ್ಣಿಮೆಯ ಹೊತ್ತಿಗೆ ಎತ್ತು ಅದಾಗಲೇ ಒಂದು ಸುತ್ತು ದುಡಿದಿರುತ್ತದೆ.

ಎತ್ತಿನ ಬಣ್ಣ ನೋಡಿ ಮಳೆ ಹೇಳಬಹುದೆ? ರೈತ ಅಷ್ಟು ಮುಗ್ಧನಲ್ಲ. ಕೆಂದೆತ್ತು ಗೆದ್ದಿತೆಂದು ಹಿಂಗಾರಿಯ ಬೀಜವನ್ನು ಯಾರೂ ಮಾರಿಕೊಳ್ಳಲಿಲ್ಲ. ಆದರೆ ಈ ಓಟಕ್ಕೆ ಇನ್ನೊಂದು ಕೆಲಸವಿತ್ತು, ಅದು ಶಕುನಕ್ಕಿಂತ ಗಟ್ಟಿಯಾದದ್ದು. ಬಿತ್ತಿಗೆಗೆ ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಎತ್ತು ಬೆಳಗಿನಿಂದ ಬೈಗಿನವರೆಗೆ ಕೂರಿಗೆ ಎಳೆಯಬೇಕು. ಬೇಸಿಗೆಯ ಬಿಡುವಿನಲ್ಲಿ, ಮೇವಿನ ಕೊರತೆಯಲ್ಲಿ ಯಾರ ಎತ್ತು ಸೊರಗಿದೆ, ಯಾರದು ಕುಂಟುತ್ತಿದೆ, ಯಾರ ಮನೆಯಲ್ಲಿ ಜೋಡಿ ಒಡೆದು ಒಂಟಿ ಎತ್ತು ಉಳಿದಿದೆ ಎಂಬುದು ಕೊಟ್ಟಿಗೆಯ ಒಳಗಿದ್ದರೆ ತಿಳಿಯುವುದಿಲ್ಲ. ಅಗಸಿಯ ಮುಂದೆ ಓಡಿಸಿದರೆ ಊರಿಗೆಲ್ಲ ತಿಳಿಯುತ್ತದೆ. ಒಂಟಿ ಎತ್ತಿನ ಇಬ್ಬರು ಕೂಡಿ ಜೋಡಿ ಮಾಡಿಕೊಳ್ಳುವುದು, ಎತ್ತಿಲ್ಲದವನು ತನ್ನ ಹೊಲಕ್ಕೆ ಯಾರ ಗಳೆ ಕೇಳಬೇಕೆಂದು ನಿಶ್ಚಯಿಸುವುದು, ಸಾಲ ಕೊಟ್ಟವನು ತನ್ನ ಹಣ ಎಷ್ಟು ಭದ್ರ ಎಂದು ಅಂದಾಜು ಮಾಡುವುದು, ಎಲ್ಲದಕ್ಕೂ ಆ ಸಂಜೆಯ ನೋಟ ಸಾಕಿತ್ತು. ದುಡಿಯುವ ಎತ್ತಿನ ಬಹಿರಂಗ ಪರೀಕ್ಷೆ ಎಂದು ಇದನ್ನು ಕರೆದರೆ ತಪ್ಪಾಗಲಾರದು.

ಓಟವನ್ನೂ ಬೆಳೆಯನ್ನೂ ಕೂಡಿಸಿ ನೋಡಿದವರು ನಾವಷ್ಟೇ ಅಲ್ಲ. ಪ್ರಾಚೀನ ರೋಮಿನಲ್ಲಿ ಪ್ರತಿ ಅಕ್ಟೋಬರ್ 15ರಂದು, ದಂಡಯಾತ್ರೆಯ ಹಂಗಾಮು ಮುಗಿಯುವ ಹೊತ್ತಿಗೆ, ಜೋಡಿ ಕುದುರೆಯ ರಥಗಳ ಓಟವೊಂದು ನಡೆಯುತ್ತಿತ್ತು. ಗೆದ್ದ ಜೋಡಿಯಲ್ಲಿ ಬಲಗಡೆಯ ಕುದುರೆಯನ್ನು ಯುದ್ಧದೇವತೆ ಮಾರ್ಸ್‌ಗೆ ಬಲಿಕೊಡುತ್ತಿದ್ದರು. ಅದರ ತಲೆಗೆ ರೊಟ್ಟಿಗಳ ಮಾಲೆ ಸುತ್ತುತ್ತಿದ್ದರು. ಫಸಲಿನ ಸಲುವಾಗಿ ಈ ಬಲಿ ಎಂದು ರೋಮಿನ ಹಳೆಯ ಗ್ರಂಥಕಾರರೇ ವಿವರಣೆ ಕೊಟ್ಟಿದ್ದಾರೆ. ಗೆದ್ದದ್ದಕ್ಕೆ ಪ್ರಾಣ ಕೊಡಬೇಕಾದ ಆ ಕುದುರೆಗಿಂತ ನಮ್ಮ ಎತ್ತಿನ ಪಾಡು ಎಷ್ಟೋ ಮೇಲು. ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಸರ್ಕಸ್ ಮ್ಯಾಕ್ಸಿಮಸ್ ಎಂಬ ರೋಮಿನ ದೊಡ್ಡ ಬಯಲಿನಲ್ಲಿ ರಥಗಳು ಉದ್ದನೆಯ ಅಂಡಾಕಾರದ ಹಾದಿಯಲ್ಲಿ ಏಳು ಸುತ್ತು ಓಡುತ್ತಿದ್ದವು. ಸಾರಥಿಗಳು ಬಣ್ಣದ ಪಂಗಡಗಳಾಗಿ ಹಂಚಿಹೋಗಿದ್ದರು. ಕ್ರಿ.ಶ. 200ರ ಸುಮಾರಿನ ಲೇಖಕ ಟರ್ಟುಲಿಯನ್ ಬರೆದಿರುವಂತೆ ಮೊದಲಿಗೆ ಬಣ್ಣಗಳು ಎರಡೇ: ಹಿಮದ ಬಿಳುಪಿನಿಂದಾಗಿ ಬಿಳಿ ಚಳಿಗಾಲದ್ದು, ಸೂರ್ಯನ ಕೆಂಪಿನಿಂದಾಗಿ ಕೆಂಪು ಬೇಸಿಗೆಯದ್ದು. ಬಿಳಿ ಎತ್ತು ಚಳಿಗಾಲದ ಹಿಂಗಾರಿಗೆ, ಕೆಂದೆತ್ತು ಮುಂಗಾರಿಗೆ ಎಂಬ ನಮ್ಮ ಲೆಕ್ಕಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಸಲ್ಲದು. ಹಂಗಾಮುಗಳ ಮೇಲೆ ಬದುಕುವ ಜನ ಓಡುವ ಪ್ರಾಣಿಯ ಮೈಬಣ್ಣದಲ್ಲಿ ಹಂಗಾಮನ್ನು ಕಂಡರು ಎನ್ನುವಷ್ಟಕ್ಕೆ ನಿಲ್ಲಿಸಬಹುದು.

ಈ ಸೀಮೆಯಲ್ಲಿ ಎತ್ತಿಗೆ ಇಷ್ಟು ಬೆಲೆ ಬಂದದ್ದು ಮಣ್ಣಿನಿಂದ. ಎರಿಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಬೇರು ಬಿಟ್ಟ ಕರಿಕೆಯನ್ನು ಕೀಳಲು ನಾಲ್ಕಾರು ಎತ್ತು ಹೂಡುವ ಭಾರಿ ನೇಗಿಲು ಬೇಕಾಗುತ್ತಿತ್ತು. 1903ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದಾಗ ಅದಕ್ಕೆ ಗಿರಾಕಿಗಳಾದವರು ಇಂಥ ಕಪ್ಪುಮಣ್ಣಿನ ರೈತರು. ಆ ನೇಗಿಲನ್ನು ಎಳೆಯಲು ಸಣ್ಣ ಎತ್ತು ಸಾಲದು. 19ನೇ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ ಮೊದಲಾದ ಸಂಸ್ಥಾನಗಳ ಪಟವರ್ಧನ ಅರಸರ ಆಸಕ್ತಿಯಿಂದ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ರಾಸುಗಳ ರಕ್ತ ಬೆರೆತು ರೂಪುಗೊಂಡ ‘ಕೃಷ್ಣಾ ತೀರ’ದ ತಳಿ ಈ ಕೆಲಸಕ್ಕೆಂದೇ ಇದ್ದ ಆನೆಯಂಥ ಎತ್ತು. ಅದು ನಿಧಾನ, ಆದರೆ ನಿಲ್ಲುವುದಿಲ್ಲ. ಅದಕ್ಕೆ ಎದುರಾಗಿ ಕಿಲಾರಿ: ಬಿಗಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಚುರುಕು ಕಾಲು. ಒಂದೇ ಊರಲ್ಲಿ ಎರಡೂ ಇರುತ್ತಿದ್ದವು. ಉಳುಮೆಗೆ ಹೆಸರಾದದ್ದು ಓಟಕ್ಕೆ ಹೆಸರಾಗಲೇಬೇಕೆಂದಿಲ್ಲ. ಆದರೂ ಕರಿಗೆ ಎರಡನ್ನೂ ಕರೆತರುತ್ತಿದ್ದರು. ಗೆಲ್ಲುವ ಆಸೆಯಿಲ್ಲದ ಮುದಿ ಎತ್ತೂ ಶೃಂಗಾರ ಮಾಡಿಸಿಕೊಂಡು ಹಗ್ಗದ ಕೆಳಗೆ ಹಾದುಹೋಗುತ್ತಿತ್ತು.

ಎತ್ತಿನ ಇನ್ನೊಂದು ದುಡಿಮೆ ದಾರಿಯದು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ನಮ್ಮ ನೆಲದ ಹತ್ತಿಗೆ ಹೊರಗಿನ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂಬ ಹೆಸರು ಬಿದ್ದದ್ದು ಅದರಿಂದಲೇ. ಮೊದಲು ಹೇರೆತ್ತುಗಳ ಬೆನ್ನ ಮೇಲೆ, ರಸ್ತೆಗಳಾದ ಮೇಲೆ ಚಕ್ಕಡಿಗಳಲ್ಲಿ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂತು, ಹತ್ತಿ ಹೊರುವ ಎತ್ತಿಗೂ ಬಂತು. ಆಮೇಲೆ 1880ರ ದಶಕದಲ್ಲಿ ರೈಲು ಬಂದು ಅಣ್ಣಿಗೇರಿಯಂಥ ಊರು ಹುಬ್ಬಳ್ಳಿ–ಗದಗ ದಾರಿಯ ನಿಲ್ದಾಣವಾಯಿತು. ಎತ್ತು ದೂರದ ಪಯಣ ಬಿಟ್ಟು ಹೊಲಕ್ಕೂ ಪೇಟೆಗೂ ಸೀಮಿತವಾಯಿತು. ಇದರಿಂದ ಒಂದು ಊಹೆಗೆ ಅವಕಾಶವಿದೆ. ಹಗುರ ಚಕ್ಕಡಿ ಸಾಮಾನ್ಯ ರೈತನ ಅಂಗಳಕ್ಕೆ ಬಂದದ್ದು ರಸ್ತೆಗಳ ನಂತರ. ಹಾಗಿದ್ದರೆ ಚಕ್ಕಡಿಯ ಶರ್ಯತ್ತಿಗಿಂತ ಚಕ್ಕಡಿ ಬೇಡದ ಕರಿಯೇ ಹಳೆಯದಿರಬೇಕು.

ದುಡಿಮೆಯ ಸಾಧನವೇ ಓಟದ ಸಾಧನವಾಗುವ ಈ ಬಗೆ ಯಂತ್ರಯುಗದಲ್ಲೂ ನಡೆದಿದೆ. ಅಮೆರಿಕದಲ್ಲಿ ‘ಸ್ಟಾಕ್ ಕಾರ್’ ಓಟವೆಂಬುದು ಬಹು ಜನಪ್ರಿಯ. ಅಂಡಾಕಾರದ ಪಥದಲ್ಲಿ ಕಾರುಗಳು ನೂರಾರು ಸುತ್ತು ಓಡುತ್ತವೆ. ಸ್ಟಾಕ್ ಎಂದರೆ ಅಂಗಡಿಯಲ್ಲಿ ಮಾರುವ ಮಾಲು. ಯಾರು ಬೇಕಾದರೂ ಕೊಳ್ಳಬಹುದಾದ, ಮಾರ್ಪಾಡು ಮಾಡದ ಕಾರಿನ ಓಟ ಎಂಬುದು ಮೂಲ ಕಲ್ಪನೆ. ಪಾನನಿಷೇಧದ ಕಾಲದಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಕಳ್ಳಭಟ್ಟಿ ಸಾಗಿಸುತ್ತಿದ್ದ ದಕ್ಷಿಣದ ಹಳ್ಳಿಗರು ಕಾರನ್ನು ವೇಗವಾಗಿ ಓಡಿಸುವುದರಲ್ಲಿ ಪಳಗಿದ್ದರು. ಈ ಓಟಗಳ ಆರಂಭದ ನಾಯಕರಲ್ಲಿ ಕೆಲವರು ಅವರೇ. 1948ರಲ್ಲಿ ನಾಸ್ಕಾರ್ ಎಂಬ ಸಂಸ್ಥೆ ಹುಟ್ಟಿ, ಮರುವರ್ಷ ಜೂನ್ 19ರಂದು ಷಾರ್ಲೆಟ್ ನಗರದ ಮಣ್ಣಿನ ಪಥದಲ್ಲಿ ಮಾರ್ಪಾಡಿಲ್ಲದ ಕಾರುಗಳ ಮೊದಲ ಓಟ ನಡೆಸಿತು. ಗ್ಲೆನ್ ಡನವೇ ಮೊದಲಿಗನಾಗಿ ಬಂದ. ಓಟದ ನಂತರ ಕಾರನ್ನು ಪರೀಕ್ಷಿಸಿದಾಗ ಹಿಂಬದಿಯ ಸ್ಪ್ರಿಂಗುಗಳನ್ನು ಕಳ್ಳಭಟ್ಟಿಯವರ ರೀತಿಯಲ್ಲಿ ಬದಲಿಸಿರುವುದು ಕಂಡಿತು. ಅವನನ್ನು ಅನರ್ಹಗೊಳಿಸಿ ಜಿಮ್ ರೋಪರ್ ಗೆದ್ದನೆಂದು ಸಾರಿದರು. ದುಡಿಯುವ ಗಾಡಿ ಯಾವುದು, ಓಟಕ್ಕೆಂದೇ ಸಿದ್ಧವಾದ ಗಾಡಿ ಯಾವುದು ಎಂಬ ತಕರಾರು ಮೊದಲ ದಿನವೇ ಎದ್ದಿತು. ಇಂದು ಆ ಓಟದ ಕಾರುಗಳಿಗೂ ಅಂಗಡಿಯ ಕಾರುಗಳಿಗೂ ಹೊರನೋಟದ ಹೋಲಿಕೆ ಬಿಟ್ಟರೆ ಹೆಚ್ಚಿನದೇನೂ ಉಳಿದಿಲ್ಲ.

(ಕಾಕತಾಳೀಯವೆಂಬಂತೆ, ನಮ್ಮ ಕೃಷ್ಣಾ ತೀರದ ಎತ್ತಿನ ರಕ್ತವೂ ಅದೇ ಅಮೆರಿಕಕ್ಕೆ ಹೋಗಿದೆ. ಅಲ್ಲಿ ರೂಪಿಸಿದ ‘ಬ್ರಾಹ್ಮನ್’ ಎಂಬ ತಳಿಯ ಮೂಲಗಳಲ್ಲಿ ಅದೂ ಒಂದು. ಇಲ್ಲಿ ಅಪ್ಪಟ ಕೃಷ್ಣಾ ತೀರದ ಎತ್ತನ್ನು ಈಗ ಹುಡುಕಬೇಕು.)

ಧಾರವಾಡದ ಹಳ್ಳಿಗಳಲ್ಲೂ ಇದೇ ಕವಲು ಒಡೆದಿದೆ. ಮಲಪ್ರಭಾ ಕಾಲುವೆಯ ನೀರಿನ ಹಿಂದೆಯೇ ನವಲಗುಂದದ ಹೊಲಗಳಿಗೆ ಟ್ರ್ಯಾಕ್ಟರ್ ಬಂತು. ಕುಂದಗೋಳದ ಮೆಣಸಿನಕಾಯಿ ಹೊಲಗಳಲ್ಲಿ ಎಡೆಕುಂಟೆಗೆ ಎತ್ತು ಬೇಕಾದರೂ ನೇಗಿಲಿಗೆ ಬೇಡವಾಯಿತು. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸಿ ಹಂತಿ ಹೊಡೆಯುವುದು, ಅದರೊಂದಿಗೆ ರಾತ್ರಿಯಿಡೀ ಹಂತಿಯ ಹಾಡು, ರಾಶಿ ಯಂತ್ರ ಬಂದ ಮೇಲೆ ನಿಂತಿತು. ಅದನ್ನೂ ಒಂದು ಓಟವೆನ್ನುವುದಾದರೆ ಈ ಸೀಮೆಯ ಎತ್ತು ಸುತ್ತು ಹಾಕುತ್ತಿದ್ದ ದುಂಡನೆಯ ಪಥ ಅದೊಂದೇ. 2012ರ ಜಾನುವಾರು ಗಣತಿಗೂ 2019ರ ಗಣತಿಗೂ ನಡುವೆ ದೇಶದಲ್ಲಿ ಗಂಡು ದನಗಳ ಸಂಖ್ಯೆ ಶೇಕಡ 30ರಷ್ಟು ಇಳಿಯಿತು; ಅದೇ ಅವಧಿಯಲ್ಲಿ ಆಕಳುಗಳ ಸಂಖ್ಯೆ ಏರಿತು. ಹಾಲು ಕೊಡುವ ಆಕಳಿಗೆ ಕೊಟ್ಟಿಗೆಯಲ್ಲಿ ಜಾಗವಿದೆ, ಎತ್ತಿಗೆ ಇಲ್ಲ.

ಆದರೆ ಶರ್ಯತ್ತು ನಿಲ್ಲಲಿಲ್ಲ, ಬೆಳೆಯಿತು. ಟ್ರ್ಯಾಕ್ಟರಿನಿಂದ ಉಳುವ ಮನೆಯಲ್ಲೇ ಒಂದು ಜೋಡಿ ಕಿಲಾರಿಯನ್ನು ಓಟಕ್ಕೆಂದು ಸಾಕುತ್ತಾರೆ. ಅದಕ್ಕೆ ಬೇರೆ ಮೇವು, ಬೇರೆ ಆರೈಕೆ, ಪ್ರತಿದಿನ ಓಟದ ಅಭ್ಯಾಸ. ಕೂರಿಗೆ ಕಟ್ಟುವುದಿಲ್ಲ, ಕಟ್ಟಿದರೆ ಓಟ ಕೆಡುತ್ತದೆ ಎಂಬ ಭಯ. ಬಹುಮಾನಗಳಲ್ಲಿ ಬೆಳ್ಳಿ ಬಂಗಾರದ ಜೊತೆ ಮೋಟರ್ ಸೈಕಲ್ಲೂ ಸೇರಿತು. ಗೆದ್ದ ಜೋಡಿಯ ಬೆಲೆ ಹೊಲದ ಬೆಲೆಯ ಜೊತೆ ಹೋಲಿಸುವಷ್ಟಾಗುತ್ತದೆ. ಇದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಕಿಲಾರಿ ತಳಿ ಈ ಭಾಗದಲ್ಲಿ ಉಳಿದಿರುವುದರಲ್ಲಿ ಶೋಕಿಯ ಪಾಲು ದೊಡ್ಡದು. ಆದರೆ ಕರಿಯ ಅಗಸಿಯಲ್ಲಿ ಈ ಎತ್ತು ಹಗ್ಗ ದಾಟಿದರೆ ಅದು ಹೇಳುವುದೇನು? ಊರಿನ ಬಿತ್ತಿಗೆಯ ಬಲವನ್ನಂತೂ ಅಲ್ಲ. ಆ ಎತ್ತು ಈ ವರ್ಷ ಬಿತ್ತುವುದೇ ಇಲ್ಲ.

ಈ ನಡುವೆ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಕೇಂದ್ರ ಸರ್ಕಾರ 2011ರಲ್ಲಿ ಹೋರಿಗಳನ್ನು ಸೇರಿಸಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ದೇಶದಾದ್ಯಂತ ನಿಷೇಧಿಸಿತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅದಕ್ಕೆ ಆಧಾರ. ನ್ಯಾಯಾಲಯದ ಮುಂದಿದ್ದ ದೂರುಗಳು ಸುಳ್ಳೇನಲ್ಲ. ಬಾಲ ತಿರುಚುವುದು, ಕಚ್ಚುವುದು, ಮೊಳೆ ಬಡಿದ ಕೋಲಿನಿಂದ ಚುಚ್ಚುವುದು ಶರ್ಯತ್ತಿನ ಬಯಲಿನಲ್ಲಿ ನಡೆಯುತ್ತಿತ್ತು ಎಂಬುದನ್ನು ಎತ್ತು ಬಲ್ಲ ಯಾರೂ ಅಲ್ಲಗಳೆಯಲಾರರು. ಹಳೆಯ ಕಾಲದ ರೈತ ಹೀಗೆ ಮಾಡುತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಆದರೆ ಅವನಿಗೊಂದು ಅಂಕೆಯಿತ್ತು: ನಾಳೆ ಬೆಳಿಗ್ಗೆ ಅದೇ ಎತ್ತಿನಿಂದ ಹೊಲದ ಕೆಲಸವಾಗಬೇಕು. ಓಟಕ್ಕಷ್ಟೇ ಸಾಕಿದ ಎತ್ತಿಗೆ ಆ ರಕ್ಷಣೆ ಇಲ್ಲ.

ಮುಂದಿನದು ಇತ್ತೀಚಿನ ಸಂಗತಿ. ಜಲ್ಲಿಕಟ್ಟಿನ ಪರವಾಗಿ ತಮಿಳುನಾಡಿನಲ್ಲಿ ಚಳವಳಿ ನಡೆದ 2017ರಲ್ಲೇ ಕರ್ನಾಟಕವೂ ಕಾಯ್ದೆಗೆ ತಿದ್ದುಪಡಿ ತಂದಿತು. ಕರಾವಳಿಯ ಕಂಬಳದ ಹೆಸರು ಅದರಲ್ಲಿ ಎದ್ದು ಕಂಡಿತಾದರೂ ಹೋರಿ ಓಟ, ಎತ್ತಿನ ಗಾಡಿ ಓಟಗಳೂ ಅದರೊಳಗೆ ಸೇರಿದ್ದವು. ರಾಷ್ಟ್ರಪತಿಯವರ ಒಪ್ಪಿಗೆ 2018ರಲ್ಲಿ ದೊರೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇಂಥ ಆಟ ಜನರ ಸಂಸ್ಕೃತಿಯ ಭಾಗವೇ ಎಂಬುದನ್ನು ಶಾಸನಸಭೆ ಪರಿಗಣಿಸಿರುವಾಗ ಅದನ್ನು ತಾನು ಕದಡುವುದಿಲ್ಲ ಎಂಬುದು ಪೀಠದ ನಿಲುವು. ಹಿಂಸೆ ಕೂಡದೆಂಬ ಷರತ್ತು ಮಾತ್ರ ಉಳಿದಿದೆ. ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡುವ ಕೆಲಸ ಜಾತ್ರೆಯ ಕಮಿಟಿಯ ಮೇಲೂ ತಾಲ್ಲೂಕಿನ ಅಧಿಕಾರಿಗಳ ಮೇಲೂ ಬಿದ್ದಿದೆ.

ಕರಿ ಹರಿಯುವುದು ಈ ವಾದವಿವಾದಗಳ ನಡುವೆ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲ. ಅದಕ್ಕೆ ಟಿಕೆಟಿಲ್ಲ, ಪ್ರಾಯೋಜಕರಿಲ್ಲ. ಅದರ ಕಷ್ಟ ಬೇರೆ: ಓಡಲು ಎತ್ತು ಸಾಲದು. ಹಿಂದೆ ಅಗಸಿಯ ದಾರಿ ಹಿಡಿಸದಷ್ಟು ಎತ್ತುಗಳು ಬರುತ್ತಿದ್ದ ಊರುಗಳಲ್ಲಿ ಈಗ ಬೆರಳೆಣಿಕೆಯ ಜೋಡಿಗಳು ಬರುತ್ತವೆ. ಬಂದವುಗಳಲ್ಲಿ ಬಿಳಿಯದೇ ಹೆಚ್ಚು, ಕಿಲಾರಿಯ ಬಣ್ಣವೇ ಅದು. ಹೀಗಾಗಿ ಹಿಂಗಾರಿಯ ಪರವಾಗಿ ಶಕುನ ಬರುವ ಸಂಭವವೂ ಹೆಚ್ಚಾಗಿದೆಯೆಂದು ಲೆಕ್ಕ ಹಾಕಬಹುದು. ಕೆಂದೆತ್ತು ಇದ್ದ ಮನೆಯವರಿಗೆ ಆ ದಿನ ವಿಶೇಷ ಮರ್ಯಾದೆ.

ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರು ಎರಿಮಣ್ಣಿನಲ್ಲಿ ಜೋಡಿ ಎತ್ತು, ಮುಂದೊಂದು ಗೋದಲಿ ಮಾಡಿ ಪೇಟೆಗೆ ತರುತ್ತಾರೆ, ಮನೆಮನೆಗೂ ಕೊಡುತ್ತಾರೆ. ಎತ್ತು ಮಾರಿ ಟ್ರ್ಯಾಕ್ಟರ್ ಕೊಂಡವರೂ, ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಇರುವವರೂ ಒಂದು ಜೋಡಿ ಕೊಂಡು ಜಗಲಿಯ ಮೇಲಿಟ್ಟು, ಗೋದಲಿಗೆ ನಾಲ್ಕು ಕಾಳು ಹಾಕಿ, ಹೋಳಿಗೆಯ ಎಡೆ ತೋರಿಸುತ್ತಾರೆ.